ಅಮ್ಮನ ಕುತ್ತಿಗೆಯಲ್ಲಿದ್ದ ಅಟ್ಲಾಸ್

2025ರ ಶ್ರಾವಣದಲ್ಲಿ ಅಮ್ಮ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ತಲೆ ಮೆಟ್ಟಿಲಿನ ಅಂಚಿಗೆ ಹೊಡೆಯಿತು. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ. ಆದರೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಬಿಳಿ ಉಂಗುರವನ್ನು ತೋರಿಸಿದರು.

"ಇದು ಕುತ್ತಿಗೆಯ ಮೊದಲನೇ ಮೂಳೆ. ಇದಕ್ಕೆ ಅಟ್ಲಾಸ್ ಅಂತ ಹೆಸರು. ಇಲ್ಲಿ ನೋಡಿ, ಕೂದಲೆಳೆಯಷ್ಟು ಬಿರುಕು."

ಅಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು. "ಅಟ್ಲಾಸಾ? ಅದು ನಮ್ಮನೆಯವರ ಸೈಕಲ್ಲಲ್ವಾ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ, ಹೆದರಿಕೆಯಾಗಿತ್ತು. ಆದರೆ ಆ ಹೊತ್ತಿನಲ್ಲೂ ನನ್ನ ತಲೆಗೆ ಬಂದದ್ದು ಸೈಕಲ್ಲೂ ಅಲ್ಲ, ಮೂಳೆಯೂ ಅಲ್ಲ. ಐದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಇದ್ದ, ರಟ್ಟು ಕಿತ್ತುಹೋದ ನಕ್ಷೆಗಳ ಪುಸ್ತಕ. ನನಗೆ ಅಟ್ಲಾಸ್ ಅಂದರೆ ಅದೇ. ಒಂದೇ ಕೋಣೆಯಲ್ಲಿ ಮೂರು ಜನ, ಮೂರು ಅಟ್ಲಾಸು.

ಪುಣ್ಯಕ್ಕೆ ಆಪರೇಷನ್ ಬೇಕಾಗಲಿಲ್ಲ. ಹನ್ನೆರಡು ವಾರ ಗಟ್ಟಿ ಕಾಲರ್ ಹಾಕಿಕೊಂಡಿರಬೇಕು, ತಲೆ ಅಲ್ಲಾಡಿಸಬಾರದು ಅಂದರು. ಆ ಹನ್ನೆರಡು ವಾರ ನಾನು ಊರಿನಲ್ಲೇ ಇದ್ದೆ. ಹೊರಗೆ ಜಡಿಮಳೆ. ಒಳಗೆ ಅಮ್ಮ ಗೋಡೆಗೆ ಒರಗಿ ನೇರ ಮುಂದಕ್ಕೆ ನೋಡುತ್ತಾ ಕೂತಿರುತ್ತಿದ್ದಳು. ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. "ಅದ್ಯಾಕೆ ಮೂಳೆಗೆ ಸೈಕಲ್ ಹೆಸರು ಇಟ್ಟರು? ಓದಿ ಹೇಳು" ಅಂತ ಒಂದು ದಿನ ಕೇಳಿದಳು. ಆ ಮಳೆಗಾಲ ಪೂರ್ತಿ ನಾನು ಓದಿದ್ದು, ಅವಳಿಗೆ ಹೇಳಿದ್ದು ಅದನ್ನೇ.

ಮೂಳೆಯಿಂದಲೇ ಶುರು ಮಾಡಿದೆ. ಬೆನ್ನೆಲುಬಿನ ಉಳಿದ ಮೂಳೆಗಳಿಗೆಲ್ಲ ಮುಂದೆ ಒಂದು ದಪ್ಪ ದಿಂಡು ಇರುತ್ತದೆ. ಇದಕ್ಕೆ ಅದಿಲ್ಲ. ಬರೀ ಉಂಗುರ. ಆ ಉಂಗುರದ ಮೇಲೆ ಎರಡು ಸಣ್ಣ ಬಟ್ಟಲಿನಂಥ ತಗ್ಗುಗಳಿವೆ. ನಮ್ಮ ತಲೆಬುರುಡೆ ಕೂತಿರುವುದು ಆ ಎರಡು ಬಟ್ಟಲುಗಳಲ್ಲಿ. ದೊಡ್ಡವರ ತಲೆ ನಾಲ್ಕೂವರೆ ಐದು ಕಿಲೋ ತೂಗುತ್ತದೆ. ಅಷ್ಟನ್ನೂ ಹೊತ್ತುಕೊಂಡದ್ದು ಈ ಉಂಗುರ. 'ಹೂಂ' ಅಂತ ತಲೆ ಮೇಲೆ ಕೆಳಗೆ ಆಡಿಸುವಾಗ ಬುರುಡೆ ಅಟ್ಲಾಸ್ ಮೇಲೆ ಆಡುತ್ತದೆ. 'ಊಹೂಂ' ಅಂತ ಅತ್ತಿತ್ತ ತಿರುಗಿಸುವಾಗ ಅಟ್ಲಾಸೇ ತನ್ನ ಕೆಳಗಿನ ಮೂಳೆಯ ಗೂಟದ ಸುತ್ತ ತಿರುಗುತ್ತದೆ.

"ಹಾಗಾದ್ರೆ ಈಗ ನಂಗೆ ಹೂಂನೂ ಇಲ್ಲ, ಊಹೂಂನೂ ಇಲ್ಲ" ಅಂದಳು ಅಮ್ಮ.

ಆಮೇಲೆ ಕಥೆಗೆ ಬಂದೆ. ಸುಮಾರು 2700 ವರ್ಷಗಳ ಹಿಂದಿನ ಗ್ರೀಕ್ ಕವಿ ಹೆಸಿಯಡ್ ತನ್ನ ಕಾವ್ಯದಲ್ಲಿ ಅಟ್ಲಾಸ್‌ನ ಮಾತು ಎತ್ತುತ್ತಾನೆ. ದೇವತೆಗಳಿಗಿಂತ ಹಳಬರು ಟೈಟನ್ನರು. ದೇವತೆಗಳ ಒಡೆಯ ಸ್ಯೂಸ್ ಮತ್ತು ಅವನ ಕಡೆಯವರ ಜೊತೆ ಹತ್ತು ವರ್ಷ ಹೊಡೆದಾಡಿ ಅವರು ಸೋತರು. ಅಟ್ಲಾಸ್ ಆ ವಂಶದವನು. ಭೂಮಿ ಮುಗಿಯುವ ಕಡೆ, ಪಡುವಣದ ತುದಿಯಲ್ಲಿ, ತಲೆಯಿಂದಲೂ ಕೈಗಳಿಂದಲೂ ಆಕಾಶವನ್ನು ಎತ್ತಿ ಹಿಡಿದು ನಿಲ್ಲಬೇಕು. ಸ್ಯೂಸ್ ಅವನಿಗೆ ಕೊಟ್ಟ ಪಾಲು ಅದು. ಬಂಡೆಗೆ ಕಟ್ಟಿಸಿಕೊಂಡು ಹದ್ದಿನಿಂದ ಕುಕ್ಕಿಸಿಕೊಂಡ ಪ್ರಮೀಥಿಯಸ್ ಇವನ ಸ್ವಂತ ತಮ್ಮ.

ಗಮನಿಸಿ, ಅವನು ಹೊತ್ತದ್ದು ಆಕಾಶವನ್ನು. ಭೂಮಿಯನ್ನಲ್ಲ. ನಾನು ಇಷ್ಟು ವರ್ಷ ಅಟ್ಲಾಸ್ ಅಂದರೆ ಭೂಮಿ ಹೊತ್ತವನು ಅಂತಲೇ ತಿಳಿದಿದ್ದೆ. ನನ್ನ ಹಾಗೆ ತಿಳಿದವರೇ ಜಾಸ್ತಿ ಇರಬೇಕು. ಅಪ್ಪನ ಸೈಕಲ್ಲಿನ ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲೂ ಒಬ್ಬ ಮನುಷ್ಯ ಭೂಗೋಳ ಹೊತ್ತಿದ್ದ. ಯೋಚಿಸಿ ನೋಡಿ, ಭೂಮಿ ಹೊತ್ತವನು ನಿಲ್ಲುವುದೆಲ್ಲಿ? ಗ್ರೀಕರ ಕಥೆಯಲ್ಲಿ ಆ ತೊಡಕಿಲ್ಲ. ಕಾಲ ಕೆಳಗೆ ಭೂಮಿ ಇದೆ, ತಲೆಯ ಮೇಲೆ ಆಕಾಶ. ನಡುವೆ ಇವನು. ಎರಡೂ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳುವವನು. ನಾವೆಲ್ಲ ಓಡಾಡುವ, ಉಸಿರಾಡುವ ಜಾಗ ಅವನ ಎತ್ತರದಷ್ಟು.

ಇದನ್ನು ಹೇಳಿದಾಗ ಅಮ್ಮನಿಗೆ ಆದಿಶೇಷ ನೆನಪಾದ. "ನಮ್ಮ ಕಡೆ ಭೂಮಿ ಹೊತ್ತವನು ಹಾವು" ಅಂದಳು. ಹೌದು. ಆದರೆ ಮಹಾಭಾರತದ ಆದಿಪರ್ವದಲ್ಲಿ ಶೇಷ ತನ್ನ ಅಣ್ಣತಮ್ಮಂದಿರ ಜಗಳಕ್ಕೆ ಬೇಸತ್ತು ತಪಸ್ಸಿಗೆ ಕೂತವನು. ಬ್ರಹ್ಮ ಅವನನ್ನು ಮೆಚ್ಚಿ, ಅಲ್ಲಾಡುವ ಭೂಮಿಯನ್ನು ಸ್ಥಿರವಾಗಿ ಹಿಡಿ ಎಂದು ಕೇಳುತ್ತಾನೆ. ಅದು ಗೌರವದ ಕೆಲಸ. ಅಟ್ಲಾಸ್‌ನದು ಶಿಕ್ಷೆ. ಹೊರುವುದು ಒಂದೇ ಆದರೂ ಕೇಳಿಸಿಕೊಂಡು ಹೊರುವುದಕ್ಕೂ ಹೊರಿಸಿಕೊಂಡು ಹೊರುವುದಕ್ಕೂ ಎಷ್ಟು ವ್ಯತ್ಯಾಸ! ಅಮ್ಮ ಇದನ್ನು ಕೇಳಿ ಸುಮ್ಮನಾದಳು. ಹದಿನೇಳಕ್ಕೆ ಮದುವೆಯಾಗಿ, ಹನ್ನೊಂದು ಜನರ ಮನೆಗೆ ಬಂದವಳು ಅವಳು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ರೀಕರ ವೀರ ಹೆರಾಕ್ಲಿಸ್‌ನ ಪ್ರಸಂಗ. ಎರಡು ಸಲ ಹೇಳಿಸಿದಳು. ಹೆರಾಕ್ಲಿಸ್‌ಗೆ ಚಿನ್ನದ ಸೇಬು ತರುವ ಕೆಲಸ ಬಿದ್ದಿರುತ್ತದೆ. ಆ ಹಣ್ಣಿನ ತೋಟ ಅಟ್ಲಾಸ್ ನಿಂತ ಜಾಗದ ಹತ್ತಿರವೇ. ನೀನೇ ಹೋಗಬೇಡ, ಆಕಾಶವನ್ನು ಸ್ವಲ್ಪ ಹೊತ್ತು ನೀನು ಹೊತ್ತು ಅವನನ್ನು ಕಳಿಸು ಅಂತ ಉಪಾಯ ಹೇಳಿಕೊಡುವವನು ಪ್ರಮೀಥಿಯಸ್. ಅಟ್ಲಾಸ್‌ನ ತಮ್ಮನೇ! ಸರಿ, ಹೆರಾಕ್ಲಿಸ್ ಆಕಾಶಕ್ಕೆ ಹೆಗಲು ಕೊಟ್ಟ. ಅಟ್ಲಾಸ್ ಎಷ್ಟೋ ಕಾಲದ ಮೇಲೆ ಬೆನ್ನು ನೆಟ್ಟಗೆ ಮಾಡಿದ. ಕೈ ಬೀಸಿ ನಡೆದ. ಸೇಬು ಕಿತ್ತು ತಂದ. ಹಗುರಾಗಿ ನಡೆಯುವ ರುಚಿ ಹತ್ತಿಬಿಟ್ಟಿತ್ತು. "ನೀನು ಇಲ್ಲೇ ನಿಂತಿರು, ಹಣ್ಣನ್ನು ನಾನೇ ಮುಟ್ಟಿಸಿ ಬರ್ತೀನಿ" ಅಂದ. ಹೆರಾಕ್ಲಿಸ್ ಒಪ್ಪಿಕೊಂಡವನ ಹಾಗೆ ಮಾಡಿ ಹೇಳಿದ: "ಆಯ್ತು. ಆದರೆ ತಲೆ ನೋಯ್ತಾ ಇದೆ. ಒಂದು ಸಿಂಬೆ ಸುತ್ತಿ ಇಟ್ಕೊಳ್ತೀನಿ, ಅಷ್ಟರವರೆಗೆ ಹಿಡ್ಕೊ." ಅಟ್ಲಾಸ್ ಸೇಬುಗಳನ್ನು ನೆಲಕ್ಕಿಟ್ಟು ಆಕಾಶಕ್ಕೆ ಕೈ ಕೊಟ್ಟ. ಹೆರಾಕ್ಲಿಸ್ ಸೇಬು ಎತ್ತಿಕೊಂಡು ಹೊರಟೇಹೋದ.

"ಸಿಂಬೆ ಅಂತಲೇ ಇದೆಯಾ?" ಅಂತ ಅಮ್ಮ ಕೇಳಿದಳು. ಅದೇ ಅರ್ಥದ ಮಾತು ಇದೆ. ಹೊರೆ ಮತ್ತು ತಲೆಯ ನಡುವೆ ಇಡುವ ಮೆತ್ತೆ. ಒಲಿಂಪಿಯಾದಲ್ಲಿ ಸ್ಯೂಸ್‌ನ ದೇವಸ್ಥಾನಕ್ಕೆ ಕ್ರಿಸ್ತಪೂರ್ವ 460ರ ಸುಮಾರಿಗೆ ಕೆತ್ತಿದ ಒಂದು ಫಲಕದಲ್ಲಿ ಇದೇ ಪ್ರಸಂಗವಿದೆ. ಅದರ ಫೋಟೋ ಹುಡುಕಿ, ಅಮ್ಮನ ಕಣ್ಣಿನ ನೇರಕ್ಕೆ ಫೋನ್ ಹಿಡಿದು ತೋರಿಸಿದೆ. ಹೆರಾಕ್ಲಿಸ್ ತಲೆ ತಗ್ಗಿಸಿ ನಿಂತಿದ್ದಾನೆ. ಅವನ ಬೆನ್ನ ಮೇಲೆ ಮಡಿಸಿದ ಮೆತ್ತೆ. ಎದುರಿಗೆ ಅಟ್ಲಾಸ್ ಎರಡೂ ಕೈಯಲ್ಲಿ ಸೇಬು ಚಾಚಿದ್ದಾನೆ. ಹಿಂದೆ ನಿಂತ ದೇವತೆ ಅಥೀನಾ ಒಂದೇ ಕೈ ಎತ್ತಿ ಹೊರೆಗೆ ಆಸರೆ ಕೊಟ್ಟಿದ್ದಾಳೆ. ಆಕಾಶವನ್ನು ಕೆತ್ತಿಯೇ ಇಲ್ಲ. ಅದು ಫಲಕದ ಮೇಲಂಚು, ಅದರ ಮೇಲಿನ ದೇವಸ್ಥಾನದ ಭಾರ.

ಅಮ್ಮ ಬಹಳ ಹೊತ್ತು ನೋಡಿದಳು. ಬಾವಿಯಿಂದ ನೀರು ಹೊತ್ತವಳು ಅವಳು, ಗದ್ದೆಗೆ ಬುತ್ತಿ ಹೊತ್ತವಳು. ಹಳೇ ಸೀರೆಯ ತುಂಡು ಸುತ್ತಿ ಸಿಂಬೆ ಮಾಡುವುದನ್ನು ನಾನು ಕಲಿತದ್ದು ಅವಳಿಂದಲೇ. ಕೊನೆಗೆ ಅವಳು ಆಡಿದ ಮಾತು ಬೇರೆಯೇ. "ಪಾಪ, ಅಷ್ಟು ವರ್ಷ ಹೊತ್ತವನಿಗೆ ಯಾರೂ ಒಂದು ಸಿಂಬೆ ಕೊಟ್ಟಿರಲಿಲ್ಲ ನೋಡು." ಈ ಕಥೆ ಹೇಳುವವರೆಲ್ಲ ಅಟ್ಲಾಸ್‌ನ ಪೆದ್ದುತನಕ್ಕೆ ನಗುತ್ತಾರೆ. ಅಮ್ಮನಿಗೆ ಕಂಡದ್ದು ಅವನ ಬರಿದಲೆ.

ಹೆಸರಿನ ಬೇರು ಹುಡುಕುವಾಗ ನನಗೊಂದು ಪುಳಕ ಕಾದಿತ್ತು. ಅಟ್ಲಾಸ್ ಎಂಬ ಹೆಸರಿನಲ್ಲಿ ಗ್ರೀಕರಿಗೆ ತಮ್ಮ 'ತ್ಲಾ' ಎಂಬ ಧಾತು ಕೇಳಿಸುತ್ತಿತ್ತು. ಹೊರು, ತಾಳಿಕೊ ಎಂದು ಅದರ ಅರ್ಥ. ಆ ಧಾತುವೂ ಸಂಸ್ಕೃತದ 'ತುಲಾ'ವೂ ಒಂದೇ ಬೇರಿನವು ಎನ್ನುತ್ತಾರೆ ಭಾಷೆಯ ಇತಿಹಾಸ ಬಲ್ಲವರು. ನಮ್ಮ ತುಲಾಭಾರದ ತುಲಾ, ತುಲಾ ರಾಶಿಯ ತಕ್ಕಡಿ. ಕನ್ನಡದ 'ತಾಳು' ಬೇರೆ ಮನೆಯ ಮಾತು, ಸಂಬಂಧ ಕಟ್ಟುವಂತಿಲ್ಲ. ಆದರೂ ಅಟ್ಲಾಸ್ ಅಂದಾಗಲೆಲ್ಲ ನನ್ನ ಕಿವಿಗೆ ಈಗ ಒಳಗಿಂದ ತಾಳು, ತಾಳು ಅಂತಲೇ ಕೇಳುತ್ತದೆ.

ಇನ್ನು ನನ್ನ ಅಟ್ಲಾಸ್. ನಕ್ಷೆಗಳ ಪುಸ್ತಕ. ಇದಕ್ಕೆ ಆ ಹೆಸರು ಬಂದದ್ದು ಗೆರಾರ್ಡಸ್ ಮರ್ಕೇಟರ್‌ನಿಂದ. 1512ರಲ್ಲಿ ಈಗಿನ ಬೆಲ್ಜಿಯಂನಲ್ಲಿ ಹುಟ್ಟಿದವನು. 1544ರಲ್ಲಿ ಧರ್ಮವಿರೋಧಿ ಎಂಬ ಆಪಾದನೆಯ ಮೇಲೆ ತಿಂಗಳುಗಟ್ಟಲೆ ಸೆರೆಯಲ್ಲಿದ್ದ. ಆಮೇಲೆ ಜರ್ಮನಿಯ ಡೂಯಿಸ್‌ಬರ್ಗ್ ಊರಿಗೆ ಹೋಗಿ ನೆಲೆಸಿದ. ನಕ್ಷೆಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿ ಪುಸ್ತಕ ಮಾಡಿದವನು ಅವನೇ ಮೊದಲಿಗನಲ್ಲ. ಅವನ ಗೆಳೆಯ ಆರ್ಟೇಲಿಯಸ್ 1570ರಲ್ಲೇ ಅಂಥದ್ದನ್ನು ಹೊರತಂದಿದ್ದ. ಆದರೆ ಅದರ ಹೆಸರು 'ಲೋಕದ ರಂಗಮಂದಿರ' ಎಂಬರ್ಥದ್ದು. ಆ ಹೆಸರು ಉಳಿದಿದ್ದರೆ ಮಕ್ಕಳು ಇವತ್ತು ಬ್ಯಾಗಿನಲ್ಲಿ ಒಂದು ರಂಗಮಂದಿರ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರು. ಮರ್ಕೇಟರ್‌ನ ಪುಸ್ತಕ ಪೂರ್ತಿಯಾಗುವ ಮೊದಲೇ, 1594ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ. ಮರುವರ್ಷ ಮಗ ರುಮೋಲ್ಡ್ ಅದನ್ನು ಪ್ರಕಟಿಸಿದ. ಹೆಸರು 'ಅಟ್ಲಾಸ್'.

ಮರ್ಕೇಟರ್ ನೆನೆದದ್ದು ಶಿಕ್ಷೆಗೆ ಒಳಗಾದ ಟೈಟನ್‌ನನ್ನಲ್ಲ. ಅದೇ ಹೆಸರಿನ ಒಬ್ಬ ರಾಜನನ್ನು. ಉತ್ತರ ಆಫ್ರಿಕಾದ ಮಾರಿಟೇನಿಯಾ ದೇಶದ ದೊರೆ, ಗಣಿತ ಬಲ್ಲವನು, ನಕ್ಷತ್ರಗಳ ಲೆಕ್ಕ ಬಲ್ಲವನು, ಮೊಟ್ಟಮೊದಲು ಆಕಾಶದ ಗೋಳ ಮಾಡಿದವನು ಎಂಬ ಕಥೆ ಅವನ ಸುತ್ತ ಇತ್ತು. ಪುಸ್ತಕದ ಮೊದಲ ಪುಟದಲ್ಲಿರುವ ಗಡ್ಡದ ಮನುಷ್ಯ ಬಗ್ಗಿ ನಿಂತಿಲ್ಲ. ಕೂತಿದ್ದಾನೆ. ಗೋಳ ಅವನ ಕೈಯಲ್ಲಿದೆ. ಹೊರುವವನು ಅಲ್ಲಿ ಅಳೆಯುವವನಾದ. ನನಗೆ ಈ ಚಿತ್ರದ ಮೇಲೆ ತುಂಬಾ ಪ್ರೀತಿ. ಸೆರೆಮನೆ ಕಂಡು ಬಂದ ಒಬ್ಬ ಮುದುಕ, ಆ ಹೆಸರಿನವನನ್ನು ಕೂರಿಸಿದ.

ಹಾಗಾದರೆ ಆಕಾಶ ಭೂಮಿಯಾದದ್ದು ಹೇಗೆ? ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿ ಒಂದು ಅಮೃತಶಿಲೆಯ ಮೂರ್ತಿ ಇದೆ. ಫಾರ್ನೀಸ್ ಅಟ್ಲಾಸ್ ಅನ್ನುತ್ತಾರೆ. ರೋಮನ್ನರ ಕಾಲದ್ದು, ಆಳಿಗಿಂತ ಎತ್ತರ. ಒಂದು ಮಂಡಿಯೂರಿದ ಅಟ್ಲಾಸ್‌ನ ಹೆಗಲ ಮೇಲೆ 65 ಸೆಂಟಿಮೀಟರ್ ಅಗಲದ ಗೋಳ. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ಗೂಳಿ, ಸಿಂಹ, ಹಡಗು, ಏಡಿ. ಎಲ್ಲ ನಕ್ಷತ್ರಪುಂಜಗಳು. ಅದು ಆಕಾಶದ ಗೋಳ. ಆದರೆ ದೂರದಿಂದ ನೋಡುವವರ ಕಣ್ಣಿಗೆ ಗುಂಡಗಿರುವುದು ಭೂಮಿ. ನಕ್ಷೆಗಳ ಪುಸ್ತಕಕ್ಕೂ ಅದೇ ಹೆಸರು ಬಂದ ಮೇಲೆ ಗೊಂದಲ ಗಟ್ಟಿಯಾಯಿತು ಅಂತ ನನ್ನ ಅನಿಸಿಕೆ.

ಬೆಟ್ಟದ ಕಥೆ ಇನ್ನೊಂದು. ಪರ್ಸಿಯಸ್ ಎಂಬ ವೀರ ಮೆಡೂಸಾಳ ಕತ್ತರಿಸಿದ ತಲೆ ತೋರಿಸಿ ಅಟ್ಲಾಸ್‌ನನ್ನು ಕಲ್ಲಾಗಿಸಿದ, ಗಡ್ಡ ತಲೆಗೂದಲು ಕಾಡಾಯಿತು, ಮೂಳೆ ಬಂಡೆಯಾಯಿತು ಅಂತ ರೋಮಿನ ಕವಿ ಓವಿಡ್ ಬರೆದ. ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾಗಳ ಉದ್ದಕ್ಕೂ ಹಬ್ಬಿದ ಅಟ್ಲಾಸ್ ಪರ್ವತ ಅದೇ. ಅದರ ತುತ್ತತುದಿ ತುಬ್ಕಲ್ 4167 ಮೀಟರ್. ಅಲ್ಲಿನ ಅಮಾಜಿಗ್ ಜನರ ಮಾತಿನಲ್ಲಿ ಬೆಟ್ಟಕ್ಕೆ 'ಅದ್ರಾರ್' ಅನ್ನುತ್ತಾರೆ. ಅವರಿಗೆ ಅವರ ಬೆಟ್ಟ ಯಾವ ಸೋತವನ ಹೆಣವೂ ಅಲ್ಲ. ಆ ಬೆಟ್ಟದ ಆಚೆಯ ಸಮುದ್ರಕ್ಕೆ ಅಟ್ಲಾಸ್‌ನ ಹೆಸರು ಗ್ರೀಕ್ ಇತಿಹಾಸಕಾರ ಹೆರೋಡೋಟಸ್‌ನ ಕಾಲಕ್ಕಾಗಲೇ ಇತ್ತು. ಅಟ್ಲಾಂಟಿಕ್ ಅಂದರೆ ಅಟ್ಲಾಸ್‌ನದು ಅಂತ.

ಒಂದು ಕಡೆ ನಾನು ಮೋಸ ಹೋದೆ. ಟರ್ಕಿ, ಉಜ್ಬೇಕಿಸ್ತಾನದ ಕಡೆ 'ಅಟ್ಲಾಸ್' ಅನ್ನುವ ಹೊಳೆಯುವ ರೇಷ್ಮೆ ಬಟ್ಟೆ ಇದೆ. ಇದಕ್ಕೂ ಅವನ ಹೆಸರೇ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೆ. ಅದು ಅರಬ್ಬಿ ಮಾತು, ನುಣುಪು ಅಂತ ಅರ್ಥ. ಮರುದಿನ ತಿದ್ದಿ ಹೇಳಿದೆ.

ಅದೇ ದಿನಗಳಲ್ಲಿ ಟಿವಿಯಲ್ಲಿ ಒಂದು ಧೂಮಕೇತುವಿನ ಸುದ್ದಿ ಬರುತ್ತಿತ್ತು. ಜುಲೈ 1ರಂದು ಚಿಲಿ ದೇಶದ ಒಂದು ದೂರದರ್ಶಕಕ್ಕೆ ಸಿಕ್ಕಿದ್ದು. ನಮ್ಮ ಸೂರ್ಯನ ಮನೆಯದಲ್ಲ, ಹೊರಗಿನಿಂದ ಬಂದದ್ದು. ಅಂಥವು ಈವರೆಗೆ ಕಂಡದ್ದು ಮೂರೇ. ಇದರ ಹೆಸರು 3ಐ ಅಟ್ಲಾಸ್. "ಇದ್ಯಾವ ಅಟ್ಲಾಸೇ?" ಅಂದಳು ಅಮ್ಮ. ಭೂಮಿಗೆ ಬಡಿಯಬಹುದಾದ ಕಲ್ಲುಗಳನ್ನು ಮುಂಚೆಯೇ ಪತ್ತೆ ಮಾಡುವ ದೂರದರ್ಶಕಗಳ ಜಾಲಕ್ಕೆ ಆ ಹೆಸರು. ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಎಳೆದು ತಂದು ಅಟ್ಲಾಸ್ ಅಂತ ಕೂಡಿಸಿದ್ದಾರೆ. ಜಿನೀವಾ ಹತ್ತಿರ ನೆಲದ ಕೆಳಗೆ ಇರುವ, 46 ಮೀಟರ್ ಉದ್ದದ, 7000 ಟನ್ ತೂಕದ, ಕಣಗಳ ಡಿಕ್ಕಿ ನೋಡುವ ಯಂತ್ರಕ್ಕೂ ಹೀಗೆಯೇ ಕೂಡಿಸಿದ ಅದೇ ಹೆಸರು. ಹಿಗ್ಸ್ ಬೋಸಾನ್ ಎಂಬ ಅತಿಸೂಕ್ಷ್ಮ ಕಣ ಕಂಡಿತು ಅಂತ 2012ರ ಜುಲೈ 4ರಂದು ಸಾರಿದ ಎರಡು ತಂಡಗಳಲ್ಲಿ ಅದರದ್ದು ಒಂದು. ಜಾನ್ ಗ್ಲೆನ್ 1962ರಲ್ಲಿ ಭೂಮಿ ಸುತ್ತಿ ಬಂದದ್ದೂ ಅಟ್ಲಾಸ್ ರಾಕೆಟ್ಟಿನಲ್ಲಿ. ಆ ರಾಕೆಟ್ಟಿನ ಉಕ್ಕಿನ ಮೈ ಎಷ್ಟು ತೆಳು ಅಂದರೆ, ಒಳಗಿನ ಒತ್ತಡ ಇಳಿದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತಿತ್ತು.

ಸೆಪ್ಟೆಂಬರ್‌ನ ಒಂದು ರಾತ್ರಿ ಜಗಲಿಯ ಬಲ್ಬಿನ ಕೆಳಗೆ ಗೋಡೆಗೆ ಒಂದು ಪತಂಗ ಅಂಟಿಕೊಂಡಿತ್ತು. ನನ್ನ ಅಂಗೈಗಿಂತ ದೊಡ್ಡದು. ಇಟ್ಟಿಗೆ ಬಣ್ಣ, ರೆಕ್ಕೆಯ ನಡುವೆ ಗಾಜಿನ ಕಿಟಕಿಯಂಥ ತ್ರಿಕೋನ, ತುದಿಯಲ್ಲಿ ಹಾವಿನ ತಲೆಯ ಹಾಗೆ. ಮಲೆನಾಡಿನವರು ಇದನ್ನು ನೋಡಿಯೇ ಇರುತ್ತೀರಿ. ಇದನ್ನೂ ಅಟ್ಲಾಸ್ ಪತಂಗ ಅನ್ನುತ್ತಾರೆ. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇಟ್ಟ ಹೆಸರು. ನಮ್ಮ ಘಟ್ಟದಲ್ಲಿರುವುದು ಅದರ ಹತ್ತಿರದ ನೆಂಟ, ಅಟ್ಟಾಕಸ್ ತಪ್ರೊಬಾನಿಸ್. ತಪ್ರೊಬಾನೆ ಅಂದರೆ ಗ್ರೀಕರು ಶ್ರೀಲಂಕೆಯನ್ನು ಕರೆಯುತ್ತಿದ್ದ ಹೆಸರು. ಈ ಪತಂಗಕ್ಕೆ ತಿನ್ನುವ ಬಾಯಿಲ್ಲ. ಹುಳುವಾಗಿದ್ದಾಗ ಎಲೆ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕುತ್ತದೆ. ಅಮ್ಮ ಕುರ್ಚಿಯನ್ನೇ ತಿರುಗಿಸಿಕೊಂಡು ಅದನ್ನು ನೋಡಿದಳು. ದೀಪ ಆರಿಸು, ಹಾರಿ ಹೋಗಲಿ ಅಂದಳು.

ಅಪ್ಪನ ಸೈಕಲ್ ಕೊಟ್ಟಿಗೆಯಲ್ಲಿದೆ. 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಶುರುವಾದ ಕಂಪನಿ ಅದು. ಅದರ ಕೊನೆಯ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ಲಾಕ್‌ಡೌನ್ ಹೊತ್ತಿನಲ್ಲಿ. ಅವತ್ತು ವಿಶ್ವ ಸೈಕಲ್ ದಿನ. ಅಪ್ಪ ಅದರ ಹಿಂದಿನ ಕ್ಯಾರಿಯರ್ ಮೇಲೆ ಗಿರಣಿಯ ಅಕ್ಕಿ ಮೂಟೆ, ಮುಂದಿನ ಬಾರ್ ಮೇಲೆ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ. ಏರು ಬಂದಾಗ ಇಳಿದು ತಳ್ಳುತ್ತಿದ್ದ. ನಾನು ಇಳಿಯುತ್ತೇನೆ ಅಂದರೆ ಬಿಡುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಆ ಬಿಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತುಕ್ಕಿನ ಕೆಳಗೆ ಮನುಷ್ಯ ಅರ್ಧ ಉಳಿದಿದ್ದಾನೆ. ಗೋಳ ಮಾತ್ರ ಪೂರ್ತಿ ಇದೆ.

ನವೆಂಬರ್ ಮೊದಲ ವಾರ ಕಾಲರ್ ತೆಗೆದರು. ಮೂಳೆ ಕೂಡಿತ್ತು. ದಿನಕ್ಕೆ ಎರಡು ಹೊತ್ತು ಕುತ್ತಿಗೆಯ ವ್ಯಾಯಾಮ. ಮೊದಲು ಊಹೂಂ, ಆಮೇಲೆ ಹೂಂ. ಮೇಲೆ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಅಟ್ಲಾಸ್‌ಗೆ ಏಳು ಹೆಣ್ಣುಮಕ್ಕಳು ಅಂತ ನಾನು ಅವಳಿಗೆ ಹೇಳಿರಲಿಲ್ಲ. ಅದನ್ನು ಆ ದಿನಕ್ಕೇ ಇಟ್ಟುಕೊಂಡಿದ್ದೆ. ಕಾರ್ತೀಕ ಅಮಾವಾಸ್ಯೆಗೆ ಎರಡು ದಿನ ಇತ್ತು. ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಕುರ್ಚಿ ಹಾಕಿದೆ. ಪೂರ್ವದ ಅಡಿಕೆ ಮರಗಳ ಮೇಲೆ ಕೃತ್ತಿಕೆ ಬಂದಿತ್ತು. ಕಾರ್ತೀಕದ ಹುಣ್ಣಿಮೆ ಚಂದ್ರ ನಿಲ್ಲುವುದು ಇದರ ಬಳಿಯೇ, ತಿಂಗಳಿಗೆ ಆ ಹೆಸರು ಬಂದದ್ದೂ ಅದಕ್ಕೇ. ಗ್ರೀಕರು ಈ ಗೊಂಚಲನ್ನು ಪ್ಲಿಯಡೀಸ್ ಅನ್ನುತ್ತಾರೆ, ಅಟ್ಲಾಸ್‌ನ ಮಕ್ಕಳು. ಗೊಂಚಲಿನ ಒಂದು ಪಕ್ಕದಲ್ಲಿರುವ ನಕ್ಷತ್ರಕ್ಕೆ ಅಟ್ಲಾಸ್ ಅಂತಲೇ ಹೆಸರು, ಮಕ್ಕಳ ಹತ್ತಿರ ಅವನೂ ಇದ್ದಾನೆ. ಏಳು ಜನ ಅಂತಾರೆ, ಕಣ್ಣಿಗೆ ಕಾಣುವುದು ಸಾಮಾನ್ಯವಾಗಿ ಆರು. ಒಬ್ಬಳು ಮನುಷ್ಯನನ್ನು ಮದುವೆಯಾಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು ಅನ್ನುವುದು ಅವರ ಕಥೆ. ನಮ್ಮಲ್ಲೂ ಸಪ್ತರ್ಷಿಗಳ ಹೆಂಡತಿಯರು ಏಳು. ಅರುಂಧತಿ ವಸಿಷ್ಠರ ಬಳಿಯೇ ಉಳಿದಳು. ಉಳಿದ ಆರು ಜನ ಕೃತ್ತಿಕೆಯರಾಗಿ ಷಣ್ಮುಖನಿಗೆ ತಾಯಂದಿರಾದರು.

"ನಿಧಾನ" ಅಂದೆ. ಅಮ್ಮನ ಬೆನ್ನ ಹಿಂದೆ ನಿಂತು, ಅವಳ ತಲೆಯ ಹಿಂಭಾಗಕ್ಕೆ ನನ್ನ ಎರಡೂ ಅಂಗೈ ಕೊಟ್ಟೆ. ಅವಳು ಸ್ವಲ್ಪ ಸ್ವಲ್ಪವೇ ತಲೆ ಹಿಂದಕ್ಕೆ ಬಿಟ್ಟಳು. ಭಾರ ನನ್ನ ಕೈಗೆ ಬಂತು.

"ನೋವಾ?"

"ಇಲ್ಲ. ಇರು, ಎಣಿಸ್ತಾ ಇದೀನಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ಆರೇ ಕಾಣೋದು. ನಿಂಗೆ ಏಳನೇದು ಕಾಣ್ತದಾ?"

ನಾನೂ ಮತ್ತೆ ಮೊದಲಿಂದ ಎಣಿಸತೊಡಗಿದೆ.